ಮರೆವು, ಮೆದುಳಿನ ಸ್ಕ್ಯಾನ್, ಅಲ್ಟ್ರಾಸೌಂಡ್: ಊರಿನವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯವಳು. ಇಂಜಿನಿಯರಿಂಗ್ ಓದಿದ್ದು ಇಲ್ಲೇ, ಪಿಎಚ್‌ಡಿ ಮಾಡಿದ್ದು ಬೆಂಗಳೂರಿನಲ್ಲಿ. ಈಗ ಹೊರದೇಶದ ಒಂದು ಲ್ಯಾಬ್‌ನಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ. ರಜೆಗೆ ಊರಿಗೆ ಬಂದಾಗೆಲ್ಲ ಎರಡು ಥರದವರು ಸಿಗುತ್ತಾರೆ. ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರು ಒಬ್ಬರು, ಈ ಕೆಲಸಕ್ಕೆ ಬರಬೇಕು ಅಂತಿರುವ ಹುಡುಗ ಹುಡುಗಿಯರು ಇನ್ನೊಬ್ಬರು. ಇಬ್ಬರೂ ಕೇಳುವುದನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಬದಲಿಸುವ ಮಾತಿದ್ದರೆ ನಿಮ್ಮ ಡಾಕ್ಟರ ಹತ್ತಿರವೇ ಆಡಿ.

ನೀವು ಮಾಡುವ ಕೆಲಸ ಏನು? ಸರಳವಾಗಿ ಹೇಳಿ.

ನೆನಪಿನ ಶಕ್ತಿ ಕುಂದುತ್ತಿರುವ ಹಿರಿಯರ ಮೆದುಳನ್ನು ಮೊದಲು ಎಂಆರ್‌ಐನಲ್ಲಿ ನೋಡುತ್ತೇವೆ. ಆಮೇಲೆ ಮೆದುಳಿನೊಳಗಿನ ಒಂದು ಸಣ್ಣ ಜಾಗಕ್ಕೆ ಹೊರಗಿನಿಂದಲೇ, ಕಿವಿಗೆ ಕೇಳಿಸದ ಶಬ್ದದ ಅಲೆ ಕಳಿಸುತ್ತೇವೆ. ಮತ್ತೆ ಎಂಆರ್‌ಐ ತೆಗೆದು ಆ ಜಾಗದ ಕೆಲಸ ಏನಾದರೂ ಬದಲಾಯಿತಾ ಅಂತ ಹೋಲಿಸುತ್ತೇವೆ. ತಲೆ ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ.

ಪೋಸ್ಟ್‌ಡಾಕ್ ಅಂದರೆ ಇನ್ನೂ ಓದುತ್ತಾ ಇದ್ದೀರಾ?

ಇಲ್ಲ, ಇದು ಕೆಲಸ. ಸಂಬಳ ಬರುತ್ತೆ. ಪಿಎಚ್‌ಡಿ ಮುಗಿದ ಮೇಲೆ, ಸ್ವಂತ ಲ್ಯಾಬ್ ಕಟ್ಟುವ ಮುಂಚೆ, ಇನ್ನೊಬ್ಬ ಹಿರಿಯ ವಿಜ್ಞಾನಿಯ ಜೊತೆ ಎರಡು ಮೂರು ವರ್ಷ ಮಾಡುವ ಸಂಶೋಧನೆ. ಮೇಸ್ತ್ರಿಯ ಕೈಕೆಳಗೆ ಪಳಗಿ ಆಮೇಲೆ ಸ್ವಂತ ಕೆಲಸ ಹಿಡಿಯುತ್ತಾರಲ್ಲ, ಹಾಗೆ.

ಅರವತ್ತಕ್ಕೆ ಅರಳು ಮರಳು ಅಂತಾರೆ. ವಯಸ್ಸಾದ ಮೇಲೆ ಇದು ಸಹಜ ಅಲ್ವಾ?

ಈ ಗಾದೆಯಿಂದ ನಮ್ಮ ಮನೆಯಲ್ಲೇ ಎರಡು ವರ್ಷ ಹಾಳಾಯಿತು.

ನಮ್ಮಜ್ಜಿಯ ಮನೆ ಹಳೇಪೇಟೆಯಲ್ಲಿ, ದುಗ್ಗಮ್ಮನ ಗುಡಿಗೆ ನಡೆದು ಹೋಗುವಷ್ಟು ಹತ್ತಿರ. ಒಂದು ಸಂಜೆ ಮಂಡಕ್ಕಿ ಒಗ್ಗರಣೆ ಮಾಡಲು ಒಲೆ ಹಚ್ಚಿದಳು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿದೆ, ಒಂದು ಕೈಯಲ್ಲಿ ಸಾಸಿವೆ, ಇನ್ನೊಂದು ಕೈಯಲ್ಲಿ ನೆನೆಸಿದ ಮಂಡಕ್ಕಿ. ಯಾವುದು ಮೊದಲು ಅಂತ ಗೊತ್ತಾಗದೆ ಹಾಗೇ ನಿಂತುಬಿಟ್ಟಳು. ಎಣ್ಣೆ ಹೊಗೆಯಾಡತೊಡಗಿತು. ಐವತ್ತು ವರ್ಷ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ ಅದು. ಆಮೇಲೆ ದಿನಕ್ಕೆ ಹತ್ತು ಸಲ "ಈ ವರ್ಷ ದುಗ್ಗಮ್ಮನ ಜಾತ್ರೆ ಇದೆಯಾ?" ಅಂತ ಕೇಳಲು ಶುರು ಮಾಡಿದಳು. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಮೊದಮೊದಲು ನಮಗೆ ಆ ಪ್ರಶ್ನೆ ಸಹಜವಾಗಿಯೇ ಕೇಳಿಸುತ್ತಿತ್ತು. ತೋರಿಸಿದ ಒಬ್ಬ ಡಾಕ್ಟರು "ವಯಸ್ಸಾಯ್ತಲ್ಲಮ್ಮ" ಅಂದು ಟಾನಿಕ್ ಬರೆದು ಕಳಿಸಿದರು. ಕಾಯಿಲೆಯ ಹೆಸರು ತಿಳಿಯುವಷ್ಟರಲ್ಲಿ ಅಜ್ಜಿಗೆ ನನ್ನ ಹೆಸರು ಮರೆತಿತ್ತು.

ವಯಸ್ಸಾದರೆ ನೆನಪು ಸ್ವಲ್ಪ ನಿಧಾನ ಆಗುತ್ತೆ ನಿಜ. ಆದರೆ ಅಭ್ಯಾಸದ ಕೆಲಸವೇ ಕೈತಪ್ಪಿ ಹೋಗುವುದು ಕಾಯಿಲೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಡಾಕ್ಟರ್ ಅಲೋಯ್ಸ್ ಆಲ್ಜೈಮರ್ ನೋಡಿದ ಆ ಪ್ರಸಿದ್ಧ ರೋಗಿ ಆಗುಸ್ಟೆ ಡೇಟರ್‌ಗೆ ಆಗ 51 ವರ್ಷ. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶಗಳ ಹೊರಗೆ ಗಡ್ಡೆಯಂಥ ಕಸ, ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡವು. ಇವತ್ತು ಆ ಕಸಕ್ಕೆ ಅಮಿಲಾಯ್ಡ್, ಆ ಎಳೆಗಳಿಗೆ ಟೌ ಅಂತೀವಿ. ಕಾಯಿಲೆಗೆ ಆ ಡಾಕ್ಟರ ಹೆಸರೇ ಬಂತು, ಆಲ್ಜೈಮರ್. ಬರೀ ವಯಸ್ಸಿನ ಮಾತಾಗಿದ್ದರೆ 51ಕ್ಕೆ ಯಾಕೆ ಬರಬೇಕಿತ್ತು?

ಯಾವ ಮರೆವಿಗೆ ಹೆದರಬೇಕು, ಯಾವುದಕ್ಕೆ ಬೇಡ?

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಎಲ್ಲರಿಗೂ ಇದ್ದದ್ದೇ. ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಸಿಕ್ಕರೆ, ಅದೂ ಮತ್ತೆ ಮತ್ತೆ ಸಿಕ್ಕರೆ, ಗಮನ ಕೊಡಿ. ದಿನಾ ಓಡಾಡುವ ಮಂಡಿಪೇಟೆಯಲ್ಲಿ ದಾರಿ ತಪ್ಪುವುದು, ಚಿಲ್ಲರೆ ಲೆಕ್ಕ ತಪ್ಪುವುದು, ಹೇಳಿದ್ದನ್ನೇ ಹೇಳುವುದು, ಶಾಂತವಾಗಿದ್ದವರು ಸುಮ್ಮಸುಮ್ಮನೆ ರೇಗುವುದು, ಇವು ಆರು ತಿಂಗಳಿಂದ ಜಾಸ್ತಿ ಆಗುತ್ತಿವೆ ಅನ್ನಿಸಿದರೆ ತೋರಿಸಿ.

ನಡುವೆ ಒಂದು ಹಂತ ಇದೆ. ಪರೀಕ್ಷೆ ಮಾಡಿದರೆ ನೆನಪು ಕಡಿಮೆ ಆಗಿರುವುದು ಗೊತ್ತಾಗುತ್ತೆ, ಆದರೆ ಮನುಷ್ಯ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿರುತ್ತಾನೆ. ಇದನ್ನು ಸೌಮ್ಯ ಅರಿವಿನ ಕುಂದು ಅನ್ನಬಹುದು, ಡಾಕ್ಟರುಗಳು ಎಂಸಿಐ ಅಂತಾರೆ. ಈ ಹಂತದವರೆಲ್ಲರಿಗೂ ಡಿಮೆನ್ಷಿಯಾ, ಅಂದರೆ ದಿನದ ಕೆಲಸವನ್ನೇ ಕೆಡಿಸುವ ಮರೆವಿನ ಕಾಯಿಲೆ, ಬರುವುದಿಲ್ಲ. ಕೆಲವರು ಹಾಗೇ ಇರುತ್ತಾರೆ, ಕೆಲವರು ಸುಧಾರಿಸುತ್ತಾರೆ. ನನ್ನ ಕೆಲಸ ಇರುವುದು ಹೆಚ್ಚಾಗಿ ಈ ಹಂತದವರ ಜೊತೆ. ನರಕೋಶಗಳು ಸತ್ತ ಮೇಲೆ ಯಾವ ಅಲೆ ಕಳಿಸಿದರೂ ಅವು ಏಳುವುದಿಲ್ಲ. ಅವು ಇರುವಾಗಲೇ ಏನಾದರೂ ಮಾಡಬೇಕು.

ಮರೆವು ಅಂದರೆ ಆಲ್ಜೈಮರ್ ಅಂತಲೇ ತಿಳಿಯಬೇಕಾ?

ಬೇಡ. ಬಿ12 ಕಡಿಮೆ ಆಗಿರಬಹುದು, ಥೈರಾಯ್ಡ್ ಇರಬಹುದು, ಖಿನ್ನತೆ ಇರಬಹುದು. ಬಿದ್ದು ತಲೆಗೆ ಪೆಟ್ಟಾಗಿ, ವಾರಗಳ ಮೇಲೆ ಒಳಗೆ ರಕ್ತ ಕಟ್ಟಿಕೊಂಡಿರಬಹುದು. ಮೆದುಳಿನಲ್ಲಿ ನೀರು ತುಂಬಿರಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. ರಕ್ತ ಪರೀಕ್ಷೆ, ಒಂದು ಸ್ಕ್ಯಾನ್ ಸಾಕು, ಬಹಳಷ್ಟು ತಿಳಿಯುತ್ತೆ. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲಾಗಲಿ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಮೊದಲು ಇಷ್ಟು ಮಾಡಿಸಿ. ಬೆಂಗಳೂರಿಗೆ ಓಡುವುದು ಆಮೇಲೆ.

ಸ್ಕ್ಯಾನ್‌ನಲ್ಲಿ ನೆನಪು ಕಾಣುತ್ತಾ?

ನೆನಪು ಕಾಣುವುದಿಲ್ಲ, ನೆನಪಿನ ಜಾಗ ಕಾಣುತ್ತೆ. ಕಿವಿಯ ಮಟ್ಟದಲ್ಲಿ ತಲೆಯ ಒಳಗೆ, ಎಡಕ್ಕೊಂದು ಬಲಕ್ಕೊಂದು, ಕಿರುಬೆರಳಿನಷ್ಟು ಗಾತ್ರದ ಬಾಗಿದ ಭಾಗ ಇದೆ. ಅದೇ ಹಿಪೊಕ್ಯಾಂಪಸ್. ಹೊಸ ನೆನಪು ಕಟ್ಟುವುದು ಅಲ್ಲಿ. ಆಲ್ಜೈಮರ್‌ನಲ್ಲಿ ಇದು ಬೇಗ ಕುಗ್ಗುತ್ತೆ. ಮಾಮೂಲಿ ಎಂಆರ್‌ಐನಲ್ಲಿ ಇದನ್ನು ಅಳೆಯಬಹುದು.

ಇನ್ನೊಂದು ಬಗೆಯ ಎಂಆರ್‌ಐ ಇದೆ, ಎಫ್‌ಎಂಆರ್‌ಐ. ಮೆದುಳಿನ ಯಾವ ಭಾಗ ಕೆಲಸ ಮಾಡುತ್ತೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತೆ. ಆಮ್ಲಜನಕ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಗುಣ ಬೇರೆ. ಆ ಸಣ್ಣ ವ್ಯತ್ಯಾಸವನ್ನೇ ಚಿತ್ರ ಮಾಡಬಹುದು ಅಂತ 1990ರಲ್ಲಿ ಜಪಾನಿನ ಸೆಯ್‌ಜಿ ಒಗಾವಾ ತೋರಿಸಿಕೊಟ್ಟರು. ಹತ್ತು ನಿಮಿಷ ಸುಮ್ನೆ ಮಲಗಿದ್ದವರ ಮೆದುಳಿನಲ್ಲೂ ಯಾವ ಭಾಗ ಯಾವ ಭಾಗದ ಜೊತೆ ತಾಳ ಹಾಕುತ್ತಿದೆ ಅಂತ ಇದರಿಂದ ತಿಳಿಯುತ್ತೆ. ಭಜನೆಯಲ್ಲಿ ಒಬ್ಬರ ತಾಳ ತಪ್ಪಿದರೆ ಗೊತ್ತಾಗುತ್ತಲ್ಲ, ಹಾಗೆ. ನಾನು ಅಲ್ಟ್ರಾಸೌಂಡ್‌ಗೆ ಮುಂಚೆ, ಆದ ಮೇಲೆ ಹೋಲಿಸುವುದು ಈ ತಾಳವನ್ನೇ.

ಅಮಿಲಾಯ್ಡ್ ಕಸ ಮಾತ್ರ ಎಂಆರ್‌ಐನಲ್ಲಿ ನೇರವಾಗಿ ಕಾಣುವುದಿಲ್ಲ. ಅದಕ್ಕೆ ಪೆಟ್ ಸ್ಕ್ಯಾನ್ ಬೇಕು, ಅಂದರೆ ಕಸಕ್ಕೆ ಅಂಟುವ ವಿಕಿರಣದ ದ್ರವ ಚುಚ್ಚಿ ತೆಗೆಯುವ ಚಿತ್ರ.

ಎಂಆರ್‌ಐ ನಾರ್ಮಲ್ ಬಂದಿದೆ. ಹಾಗಾದರೆ ಕಾಯಿಲೆ ಇಲ್ಲ ಅಂತಾನಾ?

ಹಾಗೇನಿಲ್ಲ. ಶುರುವಿನಲ್ಲಿ ಎಂಆರ್‌ಐ ನಾರ್ಮಲ್ ಇರಬಹುದು. ಗಡ್ಡೆ ಇಲ್ಲ, ರಕ್ತ ಹೆಪ್ಪುಗಟ್ಟಿಲ್ಲ, ಸ್ಟ್ರೋಕ್ ಆಗಿಲ್ಲ ಅನ್ನುವುದಕ್ಕೆ ಆ ರಿಪೋರ್ಟ್ ಉಪಯೋಗ. ಫಿಲ್ಮ್, ಸಿಡಿ ಎರಡನ್ನೂ ಜೋಪಾನವಾಗಿಡಿ. ಎರಡು ವರ್ಷ ಬಿಟ್ಟು ತೆಗೆದ ಸ್ಕ್ಯಾನ್ ಜೊತೆ ಹೋಲಿಸಲು ಅದಕ್ಕೆ ಬೆಲೆ ಬರುತ್ತೆ.

ಅಲ್ಟ್ರಾಸೌಂಡ್ ಅಂದರೆ ಬಸುರಿಯರಿಗೆ ಮಾಡುವ ಸ್ಕ್ಯಾನಿಂಗೇ ತಾನೆ?

ಮೂಲ ಒಂದೇ. ಮನುಷ್ಯರಿಗೆ ಕೇಳಿಸುವುದು ಸೆಕೆಂಡಿಗೆ 20ರಿಂದ 20,000 ಸಲ ಕಂಪಿಸುವ ಶಬ್ದ. ಅದಕ್ಕಿಂತ ಮೇಲಿನದೆಲ್ಲ ಅಲ್ಟ್ರಾಸೌಂಡ್. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಸೆಕೆಂಡಿಗೆ ಕೆಲವು ದಶಲಕ್ಷ ಕಂಪನ ಇರುತ್ತೆ. ನಾವು ತಲೆಗೆ ಬಳಸುವುದು ಅದಕ್ಕಿಂತ ಕಡಿಮೆ, ಸುಮಾರು ಐದು ಲಕ್ಷ. ಕಂಪನ ಜಾಸ್ತಿ ಆದಷ್ಟೂ ಮೂಳೆ ಅದನ್ನು ನುಂಗಿಬಿಡುತ್ತೆ, ಅದಕ್ಕೇ.

ಅಲೆ ಹುಟ್ಟಿಸುವ ಉಪಾಯ ನಿಮ್ಮ ಅಡುಗೆಮನೆಯಲ್ಲೂ ಇದೆ. ಬ್ಯಾಟರಿ ಇಲ್ಲದ, ಟಕ್ ಟಕ್ ಅನ್ನುವ ಗ್ಯಾಸ್ ಲೈಟರ್ ಒಳಗೆ ಒಂದು ಸಣ್ಣ ಪಿಂಗಾಣಿಯಂಥ ತುಂಡು ಇರುತ್ತೆ. ಒತ್ತಿದರೆ ಕರೆಂಟ್ ಹುಟ್ಟಿ ಕಿಡಿ ಹಾರುತ್ತೆ. ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ತಿರುಗಿಸಿದರೂ ಇದು ನಡೆಯುತ್ತೆ: ಕರೆಂಟ್ ಕೊಟ್ಟರೆ ಆ ತುಂಡು ಕಂಪಿಸುತ್ತೆ. ತಲೆಗೆ ಇಟ್ಟು ಅಲೆ ಕಳಿಸುವ ನಮ್ಮ ಟ್ರಾನ್ಸ್‌ಡ್ಯೂಸರ್ ಅಂದರೆ ಅದೇ.

ತಲೆಬುರುಡೆ ದಾಟಿ ಒಳಗೆ ಒಂದೇ ಜಾಗಕ್ಕೆ ಹೋಗುವುದು ಹೇಗೆ?

ಕೆರೆಯ ದಂಡೆಯಲ್ಲಿ ನಿಂತು ಎರಡು ಕಲ್ಲು ಎಸೆದು ನೋಡಿ. ಎರಡು ಅಲೆಯ ದಿಬ್ಬಗಳು ಕೂಡಿದ ಕಡೆ ನೀರು ಜಾಸ್ತಿ ಏಳುತ್ತೆ, ಉಳಿದ ಕಡೆ ಮೆಲ್ಲಗೆ ಇರುತ್ತೆ. ಟ್ರಾನ್ಸ್‌ಡ್ಯೂಸರ್‌ನ ಮುಖ ಬಟ್ಟಲಿನ ಹಾಗೆ ಒಳಕ್ಕೆ ಬಾಗಿರುತ್ತೆ. ಅಂಚಿನಿಂದ ಹೊರಟ ಅಲೆಗಳೆಲ್ಲ ಮುಂದೆ ಒಂದೇ ಕಡೆ ಕೂಡುತ್ತವೆ. ಆ ಜಾಗ ಕೆಲವೇ ಮಿಲಿಮೀಟರ್ ಅಗಲ, ಭತ್ತದ ಕಾಳಿನ ಹಾಗೆ ಉದ್ದುದ್ದ, ಆದರೆ ಅದಕ್ಕಿಂತ ದೊಡ್ಡದು.

ತೊಂದರೆ ಕೊಡುವುದು ಬುರುಡೆ. ಮೂಳೆಯಲ್ಲಿ ಶಬ್ದ ಮಾಂಸದಲ್ಲಿ ಓಡುವುದಕ್ಕಿಂತ ಬೇಗ ಓಡುತ್ತೆ. ಒಬ್ಬರ ಬುರುಡೆ ದಪ್ಪ, ಒಬ್ಬರದು ತೆಳು. ಒಬ್ಬರದೇ ತಲೆಯಲ್ಲೂ ಹಣೆ ಬೇರೆ, ಕಣತಲೆ ಬೇರೆ. ಇದರಿಂದ ಅಲೆಗಳು ಗುರಿ ಬಿಟ್ಟು ಪಕ್ಕಕ್ಕೆ ಕೂಡಬಹುದು, ಅರ್ಧಕ್ಕಿಂತ ಜಾಸ್ತಿ ಶಕ್ತಿ ದಾರಿಯಲ್ಲೇ ಕಳೆದುಹೋಗಬಹುದು. ಅದಕ್ಕೇ ಪ್ರತಿಯೊಬ್ಬರ ಬುರುಡೆಯ ಚಿತ್ರ ಇಟ್ಟುಕೊಂಡು ಕಂಪ್ಯೂಟರ್‌ನಲ್ಲಿ ಅಲೆ ಹೋಗುವ ದಾರಿ ಲೆಕ್ಕ ಹಾಕುತ್ತೇವೆ. ನನ್ನ ದಿನದ ಹೆಚ್ಚು ಪಾಲು ಹೋಗುವುದು ಈ ಲೆಕ್ಕಕ್ಕೆ.

ಒಂದೊಂದು ಪೇಪರಿನಲ್ಲಿ ಒಂದೊಂದು ಥರ ಬರೆದಿರುತ್ತಾರೆ. ಸುಡುತ್ತಾರೆ ಅಂತಾರೆ, ಬಾಗಿಲು ತೆಗೆಯುತ್ತಾರೆ ಅಂತಾರೆ. ಯಾವುದು ನಿಜ?

ಎರಡೂ ನಿಜ, ಇನ್ನೊಂದೂ ಇದೆ. ಮೂರೂ ಬೇರೆ ಬೇರೆ ಕೆಲಸ.

ಜೋರಾದ ಅಲೆಯಿಂದ ಒಂದು ಚುಕ್ಕೆಯಷ್ಟು ಜಾಗವನ್ನು ಬಿಸಿ ಮಾಡಿ ಸುಡುವುದು ಮೊದಲನೆಯದು. ಕೈ ನಡುಕದ ಕಾಯಿಲೆಗೆ 2016ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ತಲೆಗೆ ಹಾಕುವ ಹೆಲ್ಮೆಟ್‌ನಲ್ಲಿ 1024 ಟ್ರಾನ್ಸ್‌ಡ್ಯೂಸರ್‌ಗಳಿರುತ್ತವೆ. ಮರೆವಿಗೂ ಇದಕ್ಕೂ ಸಂಬಂಧ ಇಲ್ಲ.

ಎರಡನೆಯದು ಬಾಗಿಲು ತೆಗೆಯುವುದು. ಮುಂದಿನ ಪ್ರಶ್ನೆ ನೋಡಿ.

ಮೂರನೆಯದು ಮೆಲ್ಲನೆಯ ಅಲೆಯಿಂದ ನರಕೋಶವನ್ನು ಎಚ್ಚರಿಸುವುದು ಅಥವಾ ಶಾಂತ ಮಾಡುವುದು. ನಾನು ಮಾಡುವುದು ಇದು. ನರಕೋಶದ ಗೋಡೆಯಲ್ಲಿ ಒತ್ತಡಕ್ಕೆ ತೆರೆದುಕೊಳ್ಳುವ ಸಣ್ಣ ಸಣ್ಣ ಬಾಗಿಲುಗಳಿವೆ. ಅಲೆ ಅವನ್ನು ಅಲುಗಿಸುತ್ತೆ ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. 2014ರಲ್ಲಿ ವಿನ್ ಲೆಗಾನ್ ಮತ್ತು ಜೊತೆಗಾರರು ಮನುಷ್ಯರಲ್ಲಿ, ಸ್ಪರ್ಶ ತಿಳಿಯುವ ಭಾಗಕ್ಕೆ ಅಲೆ ಕಳಿಸಿ ಅದರ ಕೆಲಸ ಬದಲಾಗುವುದನ್ನು ತೋರಿಸಿದರು. 2022ರಲ್ಲಿ ಟೊರಾಂಟೊದ ತಂಡ ಬರೀ 80 ಸೆಕೆಂಡ್ ಅಲೆ ಕೊಟ್ಟು, ಅದರ ಪ್ರಭಾವ ಅರ್ಧ ಗಂಟೆ ಉಳಿಯುವುದನ್ನು ಕಂಡಿತು. ಕರೆಂಟ್, ಅಯಸ್ಕಾಂತ ಬಳಸುವ ಹಳೆಯ ವಿಧಾನಗಳು ಮೆದುಳಿನ ಮೇಲ್ಪದರಕ್ಕೆ ಚೆನ್ನಾಗಿ ಮುಟ್ಟುತ್ತವೆ. ಹಿಪೊಕ್ಯಾಂಪಸ್ ಇರುವುದು ಆಳದಲ್ಲಿ. ಅಷ್ಟು ಆಳದ ಅಷ್ಟು ಸಣ್ಣ ಜಾಗಕ್ಕೆ ಕೊಯ್ಯದೆ ಹೋಗಬಲ್ಲದ್ದು ಅಂತ ನಾನು ಇದನ್ನು ಆರಿಸಿಕೊಂಡೆ.

ಆ ಬಾಗಿಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಿ.

ದುರ್ಗದವರಿಗೆ ಇದನ್ನು ಹೇಳುವುದು ಸುಲಭ. ಮೆದುಳಿನ ರಕ್ತನಾಳಗಳ ಗೋಡೆ ನಿಮ್ಮ ಏಳು ಸುತ್ತಿನ ಕೋಟೆಯ ಹಾಗೆ. ಬೇರೆ ಅಂಗಗಳಲ್ಲಿ ನಾಳದ ಕೋಶಗಳ ನಡುವೆ ಸಂದಿ ಇರುತ್ತೆ. ಮೆದುಳಿನಲ್ಲಿ ಕಲ್ಲಿಗೆ ಕಲ್ಲು ಕಚ್ಚಿಸಿದ ಹಾಗೆ ಬಿಗಿ. 1885ರಲ್ಲಿ ಪಾಲ್ ಎರ್ಲಿಖ್ ಪ್ರಾಣಿಯ ರಕ್ತಕ್ಕೆ ಬಣ್ಣ ಸೇರಿಸಿದಾಗ ಮೈಯೆಲ್ಲ ಬಣ್ಣ ಹತ್ತಿತು, ಮೆದುಳಿಗೆ ಹತ್ತಲಿಲ್ಲ. ವಿಷ ಒಳಗೆ ಬರದಿರಲಿ ಅಂತ ಇರುವ ಕಾವಲು ಅದು. ಆದರೆ ಔಷಧಿಯನ್ನೂ ಅದು ಹೊರಗೇ ನಿಲ್ಲಿಸುತ್ತೆ.

ಓಬವ್ವನ ಕಿಂಡಿ ನೋಡಿದ್ದೀರಲ್ಲ, ಒಬ್ಬರು ನುಸುಳುವಷ್ಟು ಸಂದಿ. ಅಂಥ ಕಿಂಡಿಯನ್ನು ಬೇಕಾದ ಕಡೆ, ಬೇಕಾದಷ್ಟು ಹೊತ್ತು ತೆರೆಯುವುದೇ ಉಪಾಯ. ರಕ್ತಕ್ಕೆ ಕೆಂಪುಕಣಕ್ಕಿಂತ ಸಣ್ಣ ಗಾಳಿಗುಳ್ಳೆಗಳನ್ನು ಚುಚ್ಚಿ ಬಿಡುತ್ತಾರೆ. ಹೃದಯದ ಸ್ಕ್ಯಾನಿಂಗ್‌ನಲ್ಲಿ ಮೊದಲಿಂದಲೂ ಬಳಸುವ ಗುಳ್ಳೆಗಳೇ ಅವು. ಅಲೆ ಬಿದ್ದ ಕಡೆ ಮಾತ್ರ ಗುಳ್ಳೆ ಹಿಗ್ಗಿ ಕುಗ್ಗಿ ನಾಳದ ಗೋಡೆಯನ್ನು ತಳ್ಳುತ್ತೆ, ಸಂದಿ ಬಿಡುತ್ತೆ. ಕುಲರ್ವೊ ಹಿನಿನೆನ್ ಮತ್ತು ಜೊತೆಗಾರರು 2001ರಲ್ಲಿ ಮೊಲಗಳಲ್ಲಿ ಇದನ್ನು ತೋರಿಸಿದರು. 2018ರಲ್ಲಿ ಟೊರಾಂಟೊದಲ್ಲಿ 5 ಜನ ಆಲ್ಜೈಮರ್ ರೋಗಿಗಳಲ್ಲಿ ಮಾಡಿದರು. ಕಿಂಡಿ ತೆರೆಯಿತು, 24 ಗಂಟೆಯೊಳಗೆ ತಾನೇ ಮುಚ್ಚಿಕೊಂಡಿತು. 2024ರ ಜನವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಿಂದ ಇನ್ನೊಂದು ವರದಿ ಬಂತು. 3 ಜನರಿಗೆ ಅಮಿಲಾಯ್ಡ್ ತೆಗೆಯುವ ಔಷಧಿ ಕೊಟ್ಟು, ಮೆದುಳಿನ ಒಂದು ಬದಿಯಲ್ಲಿ ಮಾತ್ರ ಕಿಂಡಿ ತೆರೆದರು. ತೆರೆದ ಬದಿಯಲ್ಲಿ ಕಸ ಹೆಚ್ಚು ಇಳಿದಿತ್ತು.

ಮೂರೇ ಜನ ಅನ್ನುವುದನ್ನು ನೆನಪಿಡಿ. ಕಸ ಇಳಿದಿದ್ದಕ್ಕೆ ನೆನಪು ಮರಳಿತು ಅಂತ ಅರ್ಥ ಅಲ್ಲ.

ನಿಮ್ಮ ಲ್ಯಾಬ್‌ಗೆ ಬಂದವರಿಗೆ ಏನು ಮಾಡುತ್ತೀರಿ? ನೋವಾಗುತ್ತಾ?

ನೋವಿಲ್ಲ. ಕುರ್ಚಿಯಲ್ಲಿ ಕೂರಿಸಿ ಹಣೆಗೆ ಒಂದು ಪಟ್ಟಿ ಕಟ್ಟುತ್ತೇವೆ. ಪಟ್ಟಿಯ ಮೇಲಿನ ಹೊಳೆಯುವ ಸಣ್ಣ ಗುಂಡುಗಳನ್ನು ಕ್ಯಾಮೆರಾ ನೋಡುತ್ತಿರುತ್ತೆ. ತಲೆ ಎಲ್ಲಿದೆ, ಟ್ರಾನ್ಸ್‌ಡ್ಯೂಸರ್ ಎಲ್ಲಿದೆ ಅಂತ ಅವರ ಎಂಆರ್‌ಐ ಚಿತ್ರದ ಮೇಲೇ ಪರದೆಯಲ್ಲಿ ಕಾಣುತ್ತೆ.

ಆಮೇಲೆ ಕೂದಲು. ಇದು ನೋಡಲು ಸಣ್ಣ ಕೆಲಸ, ಆದರೆ ಎಲ್ಲ ನಿಂತಿರುವುದು ಇದರ ಮೇಲೆ. ಅಲ್ಟ್ರಾಸೌಂಡ್ ಗಾಳಿಯನ್ನು ದಾಟುವುದಿಲ್ಲ. ಕೂದಲಿನ ನಡುವೆ ಒಂದು ಗುಳ್ಳೆ ಉಳಿದರೂ ಅಲೆ ಅಲ್ಲಿಂದ ವಾಪಸ್. ಅದಕ್ಕೆ ಬೈತಲೆ ತೆಗೆಯುವ ಹಾಗೆ ಕೂದಲು ಬಿಡಿಸಿ, ಬುಡದವರೆಗೆ ಜೆಲ್ ಹಚ್ಚಿ, ಬಾಚಣಿಗೆಯಿಂದ ಮೆಲ್ಲಗೆ ಎಳೆದು ಗುಳ್ಳೆ ಹೊರಗೆ ತರಬೇಕು. ಒಬ್ಬರಿಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತೆ. ಅಜ್ಜಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದ ಕೈ ನನ್ನದು. ಈ ಕೆಲಸ ಲ್ಯಾಬ್‌ನಲ್ಲಿ ನನಗೇ ಬರುತ್ತೆ, ನನಗೂ ಅದು ಇಷ್ಟ. ಎಷ್ಟೋ ಹಿರಿಯರು ಆ ಹೊತ್ತಿನಲ್ಲೇ ಮನೆಯ ಕಥೆ ಹೇಳಲು ಶುರು ಮಾಡುತ್ತಾರೆ.

ಅಲೆ ಕೊಡುವುದು ಕೆಲವೇ ನಿಮಿಷ.

ಕೆಲವರಿಗೆ ಸುಳ್ಳು ಚಿಕಿತ್ಸೆ ಕೊಡುತ್ತಾರಂತೆ. ಇದು ಮೋಸ ಅಲ್ವಾ?

ಕೆಲವರಿಗೆ ತಲೆಗೆ ಯಂತ್ರ ಇಟ್ಟರೂ ಅಲೆ ಬಿಡುವುದಿಲ್ಲ, ಸುಳ್ಳು ಚಿಕಿತ್ಸೆ ಅಂದರೆ ಅದು. ಮೊದಲೇ ಹೇಳಿ, ಒಪ್ಪಿಗೆ ತೆಗೆದುಕೊಂಡು ಮಾಡುವುದರಿಂದ ಮೋಸ ಅಲ್ಲ. ಇದಿಲ್ಲದಿದ್ದರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಯಾರಾದರೂ ಪ್ರೀತಿಯಿಂದ ಕೂರಿಸಿಕೊಂಡು ಮಾತಾಡಿದರೆ, ತಲೆಗೆ ಯಂತ್ರ ಇಟ್ಟರೆ, ಅಷ್ಟಕ್ಕೇ ಉತ್ಸಾಹ ಬಂದು ಪರೀಕ್ಷೆಯಲ್ಲಿ ಎರಡು ಅಂಕ ಜಾಸ್ತಿ ಬರಬಹುದು. ಅದು ಅಲೆಯ ಗುಣವಾ, ಪ್ರೀತಿಯ ಗುಣವಾ?

ಈ ಕೆಲಸದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅಲೆ ಕೇಳಿಸದಿದ್ದರೂ ಅದನ್ನು ಬಿಟ್ಟು ಬಿಟ್ಟು ಕೊಡುವಾಗ ಸಣ್ಣಗೆ ಕುಯ್ ಅನ್ನುವ ಸದ್ದು ಮೂಳೆಯ ಮೂಲಕ ಕಿವಿಗೆ ಮುಟ್ಟಬಹುದು. 2018ರಲ್ಲಿ ಎರಡು ಪ್ರಯೋಗಗಳು ಪ್ರಾಣಿಗಳಲ್ಲಿ ಇದನ್ನೇ ತೋರಿಸಿದವು: ಮೆದುಳು ಎಚ್ಚೆತ್ತಿದ್ದಕ್ಕೆ ಕಿವಿಯೂ ಕಾರಣವಾಗಿತ್ತು. ಅಷ್ಟು ವರ್ಷ ನಂಬಿದ್ದನ್ನು ಮತ್ತೆ ನೋಡಬೇಕಾಯಿತು. ಈಗ ನಾವು ಎಲ್ಲರ ಕಿವಿಗೂ ಅದೇ ಥರದ ಸದ್ದು ಹಾಕುತ್ತೇವೆ. ನಿಜವಾದ ಅಲೆ ಯಾರಿಗೆ ಅಂತ ಕೂತವರಿಗೂ ಗೊತ್ತಾಗಬಾರದು, ಪರೀಕ್ಷೆ ಮಾಡುವವರಿಗೂ ಗೊತ್ತಾಗಬಾರದು.

ಅಪಾಯ ಇಲ್ವಾ?

ಮೆಲ್ಲನೆಯ ಅಲೆಯಲ್ಲಿ ಇದುವರೆಗೆ ಕಂಡದ್ದು ಹೆಚ್ಚಾಗಿ ತಲೆಭಾರ, ನಿದ್ದೆ ಬಂದ ಹಾಗಾಗುವುದು, ಕತ್ತು ಹಿಡಿದುಕೊಳ್ಳುವುದು. ಅಂಗಾಂಶ ಎರಡು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಅಂತ ಈ ಕ್ಷೇತ್ರದವರೇ ಸೇರಿ ಮಿತಿ ಹಾಕಿಕೊಂಡಿದ್ದಾರೆ. ಕಿಂಡಿ ತೆರೆಯುವ ವಿಧಾನದಲ್ಲಿ ಊತ, ಸಣ್ಣ ರಕ್ತಸ್ರಾವದ ಅಪಾಯ ಇರುವುದರಿಂದ ಎಂಆರ್‌ಐ ಇಟ್ಟುಕೊಂಡು ದೊಡ್ಡ ಆಸ್ಪತ್ರೆಯಲ್ಲೇ ಮಾಡಬೇಕು.

ಹಾಗಾದರೆ ನಮ್ಮ ತಂದೆಗೆ ಈಗಲೇ ಮಾಡಿಸಬಹುದಾ? ಖರ್ಚು ಎಷ್ಟಾದರೂ ಪರವಾಗಿಲ್ಲ.

ಈ ಮಾತು ಕೇಳಿದಾಗ ನನಗೆ ಸಂಕಟ ಆಗುತ್ತೆ. ಉತ್ತರ ಮಾತ್ರ ಒಂದೇ: ಬೇಡ. ಇದು ಇನ್ನೂ ಸಂಶೋಧನೆ, ಚಿಕಿತ್ಸೆ ಅಲ್ಲ.

ಯುರೋಪಿನಲ್ಲಿ ಟಿಪಿಎಸ್ ಅನ್ನುವ ಶಬ್ದದ ಅಲೆಯ ಯಂತ್ರಕ್ಕೆ 2018ರಲ್ಲಿ ಮಾರಾಟದ ಪರವಾನಗಿ ಸಿಕ್ಕಿದ್ದು ನಿಜ. ವಿಯೆನ್ನಾದ ತಂಡ 2020ರಲ್ಲಿ 35 ರೋಗಿಗಳಲ್ಲಿ ಸುಧಾರಣೆ ಕಂಡೆವು ಅಂದಿದ್ದೂ ನಿಜ. ಆದರೆ ಅದರಲ್ಲಿ ಹೋಲಿಸಲು ಸುಳ್ಳು ಚಿಕಿತ್ಸೆಯ ಗುಂಪು ಇರಲಿಲ್ಲ. ಅದೇ ಊರಿನವರು ಆಮೇಲೆ 60 ರೋಗಿಗಳಲ್ಲಿ ಸರಿಯಾಗಿ ಹೋಲಿಸಿ ಮಾಡಿ, 2025ರಲ್ಲಿ ಪ್ರಕಟಿಸಿದರು. 70ರೊಳಗಿನವರಲ್ಲಿ ಸ್ವಲ್ಪ ಪ್ರಯೋಜನ ಕಂಡಿತು, ಅದಕ್ಕಿಂತ ಹಿರಿಯರಲ್ಲಿ ಕಾಣಲಿಲ್ಲ. ಇಷ್ಟಕ್ಕೆ ಹೊಲ ಮಾರಿ ವಿಮಾನ ಹತ್ತಬೇಡಿ.

ಸಂಶೋಧನೆಗೆ ಸೇರುವ ಮನಸ್ಸಿದ್ದರೆ ಅದು ಬೇರೆ ಮಾತು. ನಮ್ಮ ದೇಶದಲ್ಲಿ ನಡೆಯುವ ಔಷಧಿ, ಚಿಕಿತ್ಸೆಯ ಟ್ರಯಲ್‌ಗಳು ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿರಬೇಕು. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಟ್ರಯಲ್ ಅಂತ ಹೇಳಿ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಈ ಸಂಶೋಧನೆಯಲ್ಲಿ ನಮ್ಮ ಕಡೆಯವರು, ನಮ್ಮ ಭಾಷೆಯವರು ಇದ್ದಾರಾ?

ನಾನು ತುಂಬಾ ಯೋಚಿಸುವ ಪ್ರಶ್ನೆ ಇದು. ಇದ್ದಾರೆ, ಆದರೆ ಸಾಲದು.

ಮೆದುಳಿನ ಜಾಗ ಗುರುತಿಸಲು ಜಗತ್ತಿನಲ್ಲೆಲ್ಲ ಬಳಸುವ ನಕ್ಷೆ ಇದೆ. ಅದು ಕೆನಡಾದ ಮಾಂಟ್ರಿಯಲ್‌ನಲ್ಲಿ 152 ಜನರ ಸ್ಕ್ಯಾನ್ ಸೇರಿಸಿ ಮಾಡಿದ್ದು. 2019ರಲ್ಲಿ ಹೈದರಾಬಾದಿನ ಐಐಐಟಿಯವರು 100 ಭಾರತೀಯರ ಸ್ಕ್ಯಾನ್‌ನಿಂದ ನಮ್ಮದೇ ನಕ್ಷೆ ಮಾಡಿದರು. ನಮ್ಮ ಮೆದುಳಿನ ಸರಾಸರಿ ಅಳತೆ ಬೇರೆಯೇ ಬಂತು. ಅದರಿಂದ ಬುದ್ಧಿ ಹೆಚ್ಚು ಕಡಿಮೆ ಅಂತಲ್ಲ. ಆದರೆ ಮಿಲಿಮೀಟರ್ ಲೆಕ್ಕದಲ್ಲಿ ಗುರಿ ಇಡುವ ಕೆಲಸಕ್ಕೆ ಅಳತೆ ಸರಿಯಿರಬೇಕು.

ನೆನಪಿನ ಪರೀಕ್ಷೆ ಇನ್ನೂ ಕಷ್ಟ. ಮೊಕಾ ಅನ್ನುವ ಪ್ರಸಿದ್ಧ ಪರೀಕ್ಷೆಯಲ್ಲಿ ಗಡಿಯಾರ ಬರೆಯಬೇಕು, ಘನಾಕೃತಿ ಬರೆಯಬೇಕು, ಘೇಂಡಾಮೃಗದ ಚಿತ್ರ ನೋಡಿ ಹೆಸರು ಹೇಳಬೇಕು. ನಮ್ಮಜ್ಜಿ ಪೆನ್ನು ಹಿಡಿದವಳಲ್ಲ, ಘೇಂಡಾಮೃಗ ಕಂಡವಳಲ್ಲ. ಇವತ್ತು ತಾರೀಖು ಎಷ್ಟು ಅಂದರೆ ಗೊತ್ತಿಲ್ಲ. ಅಮಾವಾಸ್ಯೆಗೆ ಎಷ್ಟು ದಿನ ಅಂದರೆ ಥಟ್ಟನೆ ಹೇಳುತ್ತಿದ್ದಳು, ಕಾಯಿಲೆ ಬಂದ ಮೊದಲ ವರ್ಷದಲ್ಲೂ. ಅಂಥವರಿಗೆ ಕಡಿಮೆ ಅಂಕ ಬಂದರೆ ತಪ್ಪು ಪರೀಕ್ಷೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೇತೃತ್ವದಲ್ಲಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಪೆಟ್ಟಿಗೆಯೊಂದು ತಯಾರಾಗಿದೆ. ನಿಮ್ಮ ಡಾಕ್ಟರ ಹತ್ತಿರ ಕನ್ನಡದ ಪರೀಕ್ಷೆ ಕೇಳಿ, ಸಂಕೋಚ ಬೇಡ.

ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ನಮ್ಮ ರಾಜ್ಯದಲ್ಲಿ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಜನರನ್ನು ವರ್ಷ ವರ್ಷವೂ ಪರೀಕ್ಷಿಸುತ್ತಾ ಬಂದಿದೆ. ಹಳ್ಳಿಯವರ ಮೆದುಳು ವಯಸ್ಸಿನ ಜೊತೆ ಹೇಗೆ ಬದಲಾಗುತ್ತೆ ಅಂತ ತಿಳಿಯಲು ಇದು ದೊಡ್ಡ ಕೆಲಸ. ಇಂಥದ್ದು ಜಗಳೂರಿನಲ್ಲಿ, ಮೊಳಕಾಲ್ಮೂರಿನಲ್ಲಿ ಆಗಬೇಕು ಅನ್ನುವುದು ನನ್ನ ಆಸೆ.

ಜಗಳೂರು, ಮೊಳಕಾಲ್ಮೂರು ಅಂದಿದ್ದು ಸುಮ್ನೆ ಅಲ್ಲ. 2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿದರು. ಎರಡು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬರಹ ಬಾರದವರಲ್ಲೂ. ನಮ್ಮ ಕಡೆ ಒಂದೇ ಬೀದಿಯಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ಕೇಳಿಸುತ್ತೆ. ಮನೆಯಲ್ಲೊಂದು, ಸಂತೆಯಲ್ಲೊಂದು ಆಡುವ ಜನರ ಮೆದುಳಿನಿಂದ ಜಗತ್ತು ಕಲಿಯುವುದು ಇನ್ನೂ ತುಂಬಾ ಇದೆ.

ನಾನು ಚಳ್ಳಕೆರೆಯವನು. ಐಐಎಸ್‌ಸಿ ಕ್ಯಾಂಪಸ್ ಇಲ್ಲೇ ಇದೆಯಲ್ಲ, ಇಲ್ಲೇ ಈ ಸಂಶೋಧನೆ ಮಾಡಬಹುದಾ?

ನಿಮ್ಮ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಕ್ಯಾಂಪಸ್ ಇರುವುದು ನಿಜ. ಆದರೆ ಮೆದುಳು ಸಂಶೋಧನಾ ಕೇಂದ್ರ ಇರುವುದು ಬೆಂಗಳೂರಿನ ಕ್ಯಾಂಪಸ್‌ನಲ್ಲಿ. ನಿಮ್ಹಾನ್ಸ್ ಕೂಡ ಬೆಂಗಳೂರಿನಲ್ಲೇ.

ಈ ಕೆಲಸಕ್ಕೆ ಯಾವ ಡಿಗ್ರಿ ಬೇಕು?

ಇಂತದ್ದೇ ಅಂತಿಲ್ಲ. ನಮ್ಮ ಲ್ಯಾಬ್‌ನಲ್ಲಿ ಎಲೆಕ್ಟ್ರಾನಿಕ್ಸ್‌ನವರು, ಫಿಸಿಕ್ಸ್‌ನವರು, ಮನಶ್ಶಾಸ್ತ್ರದವರು, ಡಾಕ್ಟರುಗಳು ಎಲ್ಲ ಇದ್ದಾರೆ. ಬೇಕಾದ್ದು ಮೂರು: ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್‌ನಲ್ಲಿ ಪ್ರೋಗ್ರಾಂ ಬರೆಯುವುದು, ಸಂಖ್ಯಾಶಾಸ್ತ್ರ, ರೋಗಿಯ ಹತ್ತಿರ ಕೂತು ಮಾತಾಡುವ ತಾಳ್ಮೆ. ಮೂರನೆಯದನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

ಲ್ಯಾಬ್ ಸಿಗುವವರೆಗೆ ಕಾಯಬೇಡಿ. ಮೆದುಳಿನ ಸ್ಕ್ಯಾನ್ ಅಳೆಯುವ ಎಫ್‌ಎಸ್‌ಎಲ್, ಫ್ರೀಸರ್ಫರ್ ಥರದ ಸಾಫ್ಟ್‌ವೇರ್ ಸಂಶೋಧನೆಗೆ ಪುಕ್ಕಟೆ ಸಿಗುತ್ತೆ. ಓಪನ್‌ನ್ಯೂರೋ ಅನ್ನುವ ವೆಬ್‌ಸೈಟಿನಲ್ಲಿ ಮೆದುಳಿನ ಸ್ಕ್ಯಾನ್‌ಗಳು ಯಾರಿಗೆ ಬೇಕಾದರೂ ಸಿಗುತ್ತವೆ. 2004ರಲ್ಲಿ ಶುರುವಾದ ಅಡ್ನಿ ಅನ್ನುವ ಆಲ್ಜೈಮರ್ ಅಧ್ಯಯನದ ದತ್ತಾಂಶಕ್ಕೆ ಅರ್ಜಿ ಹಾಕಬಹುದು. ಶಬ್ದದ ಅಲೆ ಬುರುಡೆ ದಾಟುವ ಲೆಕ್ಕಕ್ಕೆ ಕೆ-ವೇವ್ ಅನ್ನುವ ಸಾಫ್ಟ್‌ವೇರ್ ಇದೆ. ವಿದ್ಯಾನಗರದ ಒಂದು ಬಾಡಿಗೆ ರೂಮು, ಒಂದು ಲ್ಯಾಪ್‌ಟಾಪ್, ಇಷ್ಟರಲ್ಲಿ ಮೊದಲ ಆರು ತಿಂಗಳ ಕಲಿಕೆ ಆಗುತ್ತೆ.

ಪಿಎಚ್‌ಡಿ ಮುಗಿಯುತ್ತಿದೆ. ಯಾವ ಫೆಲೋಶಿಪ್‌ಗೆ ಹಾಕಲಿ?

ನಮ್ಮ ದೇಶದಲ್ಲಿ ಎಎನ್‌ಆರ್‌ಎಫ್ ಅನ್ನುವ ಕೇಂದ್ರದ ಸಂಶೋಧನಾ ಸಂಸ್ಥೆಯ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ ಇದೆ. ಮೊದಲು ಇದನ್ನು ಸರ್ಬ್ ಅನ್ನುವ ಮಂಡಳಿ ನಡೆಸುತ್ತಿತ್ತು. ಪ್ರಬಂಧ ಸಲ್ಲಿಸಿದವರೂ ಹಾಕಬಹುದು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಕೊಡುವ ರಿಸರ್ಚ್ ಅಸೋಸಿಯೇಟ್, ಇಂಡಿಯಾ ಅಲಯನ್ಸ್ ಕೂಡ ನೋಡಿ. ಯುರೋಪಿಗೆ ಮೇರಿ ಕ್ಯೂರಿ ಫೆಲೋಶಿಪ್. ವಯಸ್ಸು, ಪಿಎಚ್‌ಡಿ ಆಗಿ ಎಷ್ಟು ವರ್ಷ ಅನ್ನುವ ನಿಯಮ ಆಗಾಗ ಬದಲಾಗುತ್ತೆ. ಆ ವರ್ಷದ ಪ್ರಕಟಣೆಯನ್ನೇ ಓದಿ, ನನ್ನಂಥವರ ಬಾಯಿಮಾತು ನಂಬಬೇಡಿ.

ಪ್ರೊಫೆಸರ್‌ಗೆ ಬರೆಯುವ ಮೇಲ್ ಹತ್ತು ಸಾಲು ಮೀರಬಾರದು. ಅವರ ಯಾವ ಪೇಪರ್ ಓದಿದಿರಿ, ಅದರಲ್ಲಿ ನಿಮಗೆ ಎದ್ದ ಪ್ರಶ್ನೆ ಏನು, ನಿಮಗೆ ಏನು ಮಾಡಲು ಬರುತ್ತೆ. ಇಷ್ಟೇ. ನಾನು ನಲವತ್ತು ಜನರಿಗೆ ಬರೆದೆ, ಆರು ಜನ ಉತ್ತರ ಕೊಟ್ಟರು. ಉತ್ತರ ಬರದಿದ್ದರೆ ನೀವು ದಡ್ಡರು ಅಂತಲ್ಲ. ಸೇರುವ ಮುಂಚೆ ಆ ಲ್ಯಾಬ್ ಬಿಟ್ಟು ಹೋದವರ ಜೊತೆ ತಪ್ಪದೆ ಮಾತಾಡಿ. ನನ್ನ ಮೊದಲ ಆಯ್ಕೆಯ ಲ್ಯಾಬ್‌ನಲ್ಲಿ ಹಿಂದೆ ಇದ್ದವರು "ಇಲ್ಲಿ ರಜೆ ಕೇಳಿದರೆ ಮುಖ ತಿರುಗಿಸುತ್ತಾರೆ" ಅಂದರು. ಅಜ್ಜಿ ಹಾಸಿಗೆ ಹಿಡಿದಿದ್ದ ದಿನಗಳು ಅವು. ನಾನು ಅಲ್ಲಿಗೆ ಹೋಗಲಿಲ್ಲ.

ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ. ತೊಂದರೆ ಆಗುತ್ತಾ?

ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೊದಲ ಎರಡು ವರ್ಷ ಕಷ್ಟ ಆಯಿತು, ಆಮೇಲೆ ಇಲ್ಲ.

ಮನೆಯಲ್ಲಿ ಈಗ ನಾವು ಏನು ಮಾಡಬಹುದು?

ಬಿಪಿ, ಶುಗರ್ ಹಿಡಿತದಲ್ಲಿಡಿ. ಕಿವಿ ಕೇಳದಿದ್ದರೆ ಯಂತ್ರ ಹಾಕಿಸಿ, ಕಣ್ಣಿಗೆ ಪೊರೆ ಬಂದಿದ್ದರೆ ತೆಗೆಸಿ. ಬೀಡಿ, ಹೆಂಡ ಬಿಡಿಸಿ. ಬೈಕಿನಲ್ಲಿ ಹೆಲ್ಮೆಟ್ ಹಾಕಿ, ತಲೆಯ ಪೆಟ್ಟು ಕೂಡ ಒಂದು ಕಾರಣ. ಒಬ್ಬರನ್ನೇ ಕೋಣೆಯಲ್ಲಿ ಬಿಡಬೇಡಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಇಂಥ 14 ಕಾರಣಗಳನ್ನು ಪಟ್ಟಿ ಮಾಡಿ, ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು 45 ಶೇಕಡಾ ತಡೆಯಬಹುದು ಇಲ್ಲವೇ ಮುಂದೂಡಬಹುದು ಅಂತು. ನನ್ನ ಯಂತ್ರಕ್ಕಿಂತ ಇವು ಇವತ್ತಿಗೆ ಹೆಚ್ಚು ಕೆಲಸ ಮಾಡುತ್ತವೆ.

ನೋಡಿಕೊಳ್ಳುವವರಿಗೆ: ಸಿಟ್ಟು ಬಂದರೆ ಐದು ನಿಮಿಷ ಹೊರಗೆ ಹೋಗಿ ನಿಲ್ಲಿ. "ಆಗಲೇ ಹೇಳಿದ್ನಲ್ಲ" ಅನ್ನಬೇಡಿ, ಅವರಿಗೆ ನೀವು ಹೇಳೇ ಇಲ್ಲ. ನಾವು ಕೊನೆಗೆ ಜಾತ್ರೆಯ ಪ್ರಶ್ನೆಗೆ "ಇದೆ ಅಜ್ಜಿ, ಹೋಗೋಣ" ಅನ್ನಲು ಕಲಿತೆವು. ಮನಸ್ಸು ತೀರಾ ಸೋತರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567.

ಬೆಂಗಳೂರಿಗೆ ತೋರಿಸಲು ಹೋಗುತ್ತಿದ್ದೇವೆ. ಏನು ತೆಗೆದುಕೊಂಡು ಹೋಗಬೇಕು?

ಹಳೆಯ ರಿಪೋರ್ಟ್, ಸ್ಕ್ಯಾನ್ ಸಿಡಿ. ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳು ಒಂದು ಕವರ್‌ನಲ್ಲಿ, ನಾಟಿ ಔಷಧಿ ಇದ್ದರೆ ಅದೂ. ಕನ್ನಡಕ, ಕಿವಿ ಯಂತ್ರ. ಮನೆಯಲ್ಲಿ ಅವರು ಗಲಿಬಿಲಿ ಆದಾಗ ಮೊಬೈಲ್‌ನಲ್ಲಿ ತೆಗೆದ ಒಂದು ಸಣ್ಣ ವಿಡಿಯೋ. ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಎಷ್ಟೋ ಜನ ಚೆನ್ನಾಗಿಯೇ ಮಾತಾಡಿಬಿಡುತ್ತಾರೆ.

ಜೊತೆಗೆ ಹೋಗುವವರು ದಿನವೂ ಅವರ ಜೊತೆ ಇರುವವರಾಗಿರಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗಿಂತ ಮನೆಯಲ್ಲಿರುವ ಸೊಸೆಗೆ ಜಾಸ್ತಿ ಗೊತ್ತಿರುತ್ತೆ. ರಾತ್ರಿ ಬಸ್ಸಿನಲ್ಲಿ ಹೋಗಿ, ನಿದ್ದೆಗೆಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೆನಪಿನ ಪರೀಕ್ಷೆಗೆ ಕೂರಿಸಬೇಡಿ. ಆರೋಗ್ಯವಾಗಿರುವವರಿಗೂ ಅಂಕ ಕಡಿಮೆ ಬರುತ್ತೆ. ಅದರ ಬದಲು ಹಿಂದಿನ ದಿನ ಹಗಲಿನ ರೈಲಿಗೆ ಹೋಗಿ, ರಾತ್ರಿ ಚೆನ್ನಾಗಿ ಮಲಗಿಸಿ, ಬೆಳಿಗ್ಗೆ ತಿಂಡಿ ತಿನ್ನಿಸಿಕೊಂಡು ಕರೆದುಕೊಂಡು ಹೋಗಿ.